ಗುಡ್ ಮಾರ್ನಿಂಗಿಗೆ ಕಡಿಮೆ ಬಿದ್ದ ಒಂದು ಅಂಕ

ನಮ್ಮ ಮನೆತನ ಈ ಬೀದಿಯಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿಕೊಂಡು ಬಂದಿದೆ. ಮುತ್ತಜ್ಜ ನ್ಯಾಯಾಧೀಶರು, ಅಜ್ಜ ಶಾಲಾ ತನಿಖಾಧಿಕಾರಿ. ನಾನು ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಓದಿ, ಸನ್ನಡತೆಗೆ ಹನ್ನೊಂದು ಪದಕ ಪಡೆದವಳು. ಉಳಿದ ವರ್ಷ ನನಗೆ ಮಂಗನಬಾವು ಬಂದಿತ್ತು.

ನಮ್ಮ ಎದುರುಮನೆಯಲ್ಲಿ, ಬುದ್ಧಿಯ ಬೆಳವಣಿಗೆ ನಿಧಾನವೆಂದು ಸರ್ಕಾರಿ ಕಾಗದದಲ್ಲಿ ನಮೂದಾಗಿರುವ ನಾಲ್ವರು ವಯಸ್ಕರು ಒಬ್ಬ ಸಹಾಯಕಿಯೊಡನೆ ವಾಸವಾಗಿದ್ದಾರೆ. ಅವರಲ್ಲೊಬ್ಬನಿಗೆ ಬೀದಿಯವರು ಇಟ್ಟ ಹೆಸರು ಡಬ್ಬಿಯಣ್ಣ. ಬೇಕರಿಯಲ್ಲಿ ಕೇಕಿನ ಡಬ್ಬಿ ಮಡಿಸುವುದು ಅವನ ಕೆಲಸ. ಹತ್ತು ವರ್ಷದಲ್ಲಿ ಒಂದು ಮೂಲೆಯೂ ಸೊಟ್ಟಗಾಗಿಲ್ಲ. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಕೆಲಸಕ್ಕೆ ಹೋಗುವಾಗ ಅವನು ಪ್ರತಿ ಗೇಟಿನೆದುರು ನಿಂತು, ಒಳಗಿನವರು ಬಂದು ಉತ್ತರ ಕೊಡುವ ತನಕ "ಗುಡ್ ಮಾರ್ನಿಂಗ್" ಎನ್ನುತ್ತಾನೆ. ಈತ ಸಮಾಜದಲ್ಲಿ ಬೆರೆತು ಬಾಳಲು ತಕ್ಕವನೇ ಎಂದು ಪರೀಕ್ಷಿಸುವಂತೆ ನಾನು ಸಮುದಾಯ ಸೇರ್ಪಡೆ ಇಲಾಖೆಗೆ ಅರ್ಜಿ ಬರೆದೆ.

ಇಲಾಖೆಯ ನಿಯಮ ಸ್ಪಷ್ಟವಾಗಿತ್ತು. ಬೆರೆಯುವಿಕೆಗೆ ನೂರು ಅಂಕ. ನಲವತ್ತಕ್ಕಿಂತ ಕಡಿಮೆ ಬಂದವರನ್ನು ಊರಾಚೆಯ ತರಬೇತಿ ನಿಲಯಕ್ಕೆ ಸಾಗಿಸತಕ್ಕದ್ದು. ಪಕ್ಷಪಾತವಾಗದಿರಲೆಂದು ಅರ್ಜಿದಾರರೂ ಪರೀಕ್ಷೆಗೆ ಕೂರತಕ್ಕದ್ದು.

ಪರೀಕ್ಷಕರು ನಮ್ಮ ನಡುಮನೆಯಲ್ಲೇ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಪಕ್ಕದ ಮನೇಲಿ ಯಾರಿದ್ದಾರೆ?"

"ಕಂಡವರ ವಿಷಯಕ್ಕೆ ನಾನು ತಲೆಹಾಕುವುದಿಲ್ಲ," ಎಂದೆ. ಸೊನ್ನೆ.

"ಟೈಲರಮ್ಮ," ಎಂದ ಡಬ್ಬಿಯಣ್ಣ. "ಮಂಡಿನೋವು. ಅವರ ನಾಯಿಗೂ ಮಂಡಿನೋವು."

"ನೀವು ಜಾರಿಬಿದ್ರೆ ಯಾರನ್ನ ಕೂಗ್ತೀರಿ?"

"ನಾನು ಜಾರಿಬೀಳುವುದಿಲ್ಲ."

"ಹೋದ್ಸಲ ಬಿದ್ದಾಗ ನಾನೇ ಅಲ್ವಾ ಅಕ್ಕಾ ಎತ್ತಿದ್ದು?"

ಅವನಿಗೆ ತೊಂಬತ್ತೇಳು ಬಂತು. ನಿಮಗ್ಯಾಕೆ ಇನ್ನೂ ಮದುವೆಯಾಗಿಲ್ಲ ಎಂದು ಪರೀಕ್ಷಕರನ್ನು ಕೇಳಿದ್ದಕ್ಕೆ ಮೂರು ಅಂಕ ಕಳೆದಿದ್ದರು. ನನಗೆ ಹನ್ನೊಂದು, ಅದೂ ಸಹಿಯ ಅಂದಕ್ಕೆ.

ಮರುದಿನ ಬೆಳಿಗ್ಗೆ ನಿಲಯದ ವ್ಯಾನು ಬಂತು, ಪರೀಕ್ಷಕರೂ ಬಂದರು. ನಾನು ಪದಕಗಳನ್ನು ಸೂಟ್‌ಕೇಸಿಗೆ ತುಂಬಿ ಹೊರಟೆ. ನಿಯಮವೆಂದರೆ ನಿಯಮ.

"ಪಾಪ, ಕಿಟಕಿ ಪಕ್ಕ ಕೂರಿಸ್ರಪ್ಪಾ," ಎಂದರು ಟೈಲರಮ್ಮ.

ಡಬ್ಬಿಯಣ್ಣ ವ್ಯಾನಿಗೆ ಅಡ್ಡ ನಿಂತ. "ಅಕ್ಕನ್ನ ಎಲ್ಲಿಗೆ?"

"ನಿಲಯಕ್ಕೆ. ಜನರ ಜೊತೆ ಬೆರೆಯೋದು ಕಲಿಸ್ತಾರೆ," ಎಂದ ಡ್ರೈವರ್.

"ಅಲ್ಲಿ ಜನ ಎಲ್ಲಿದ್ದಾರೆ? ನಾನು ಆರು ವರ್ಷ ಇದ್ದೆ. ಗುಡ್ ಮಾರ್ನಿಂಗ್ ಅಂದ್ರೆ ಗೋಡೆ ಮಾತಾಡಲ್ಲ."

ಪರೀಕ್ಷಕರು ಪುಸ್ತಕ ತಿರುವಿ ಉಪನಿಯಮ ಏಳನ್ನು ಓದಿದರು: ಎಂಬತ್ತು ಅಂಕ ದಾಟಿದ ನೆರೆಯವರೊಬ್ಬರು ಸಹಾಯಕರಾಗಿ ನಿಂತಲ್ಲಿ, ಅನುತ್ತೀರ್ಣರು ಸ್ವಂತ ಮನೆಯಲ್ಲೇ ವಾಸಿಸಬಹುದು. ಡಬ್ಬಿಯಣ್ಣ ವ್ಯಾನಿನ ಬಾನೆಟ್ಟಿನ ಮೇಲೆ ಫಾರ್ಮು ಹರಡಿ, ನಾಲಿಗೆ ಕಚ್ಚಿಕೊಂಡು, ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದ. ವ್ಯಾನು ಖಾಲಿ ಹೋಗಕೂಡದೆಂಬ ನಿಯಮವಿದ್ದುದರಿಂದ ಪರೀಕ್ಷಕರೇ ಹತ್ತಿ ಕುಳಿತರು.

ಸಹಾಯಕರನ್ನು ಬಹುವಚನದಲ್ಲಿ ಕರೆಯತಕ್ಕದ್ದು. ಆ ದಿನಾಂಕದಿಂದ ಪಾಲಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಡಬ್ಬಿಯಣ್ಣನವರೊಡನೆ ಬೇಕರಿಯವರೆಗೆ ನಡೆದು, ಹದಿನೆಂಟು ಗೇಟುಗಳೆದುರು ನಿಲ್ಲುತ್ತೇನೆ. ಜನ ಹೊರಗೆ ಬರುತ್ತಾರೆ. ಟೈಲರಮ್ಮನ ನಾಯಿಯ ಮಂಡಿ ಈಗ ವಾಸಿ. ಬೀದಿಯಲ್ಲಿ ಯಾರಿಗೂ ಇದು ವಿಚಿತ್ರವೆನಿಸಿಲ್ಲ; ಒಂದು ದಿನ ನಾವು ತಡಮಾಡಿದ್ದಕ್ಕೆ ಮೂರು ಮನೆಯವರು ಇಲಾಖೆಗೆ ದೂರು ಕೊಟ್ಟರು.

ನನ್ನ ಆಕ್ಷೇಪಣೆ ಇರುವುದು, ಸಹಾಯಕರು ನನ್ನ ಬಗ್ಗೆ ದಿನಾ ಇಲಾಖೆಗೆ ಬರೆಯುವ ವರದಿಗಳಲ್ಲಿ ನಿನ್ನೆಯದರ ಬಗ್ಗೆ ಮಾತ್ರ. ಡಬ್ಬಿಯಣ್ಣನವರು ನನ್ನ ಗುಡ್ ಮಾರ್ನಿಂಗಿಗೆ ಹತ್ತಕ್ಕೆ ಒಂಬತ್ತು ಕೊಟ್ಟು, ಕಾರಣದ ಜಾಗದಲ್ಲಿ "ಅಕ್ಕ ನಕ್ಕಾಗ ಹಲ್ಲು ಕಾಣಲಿಲ್ಲ" ಎಂದು ಬರೆದಿದ್ದಾರೆ. ಹಲ್ಲು ಕಂಡಿತ್ತು. ಟೈಲರಮ್ಮ ಸಾಕ್ಷಿ, ನಾಯಿಯೂ ಸಾಕ್ಷಿ.

ಡಬ್ಬಿಯಣ್ಣನವರು ನನ್ನ ಕ್ಷಮೆ ಕೇಳಬೇಕು.