ಬೀಗರ ಜೊತೆ ಮೈಸೂರು ನೋಡಿದ್ದು

ಕಷ್ಟ ಬಂದ ಮೇಲೆ ಚಿಂತೆ ಮಾಡುವವರನ್ನು ಕಂಡರೆ ನನಗೆ ಒಳಗೊಳಗೇ ತಾತ್ಸಾರ. ಅದರಲ್ಲೇನು ಕಸಬುಗಾರಿಕೆ? ಕಷ್ಟವೇ ಎದುರಿಗೆ ಬಂದು ಕಾಲು ಚಾಚಿ ಕೂತಿರುವಾಗ ಯಾರು ಬೇಕಾದರೂ ಚಿಂತಿಸಬಲ್ಲರು. ಏನೂ ಇಲ್ಲದಾಗ, ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಚಿಂತೆ ಮಾಡಬೇಕು. ಅದಕ್ಕೆ ಅಭ್ಯಾಸ ಬೇಕು. ನನಗೆ ಅದು ಇದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಇದು ನಿನ್ನೆಯ ಬಸ್ಸೋ ಏನೋ ಎಂದು ಚಿಂತೆ ಮಾಡಿದವನು ನಾನು. ನಾನಿರುವುದು ಚಿಂತಾಮಣಿಯಲ್ಲಿ. ಊರಿನ ಹೆಸರು ಹಿಡಿದು ಹಾಸ್ಯ ಮಾಡಬೇಕೆನ್ನಿಸಿದವರು ದಯವಿಟ್ಟು ಈಗಲೇ ಮಾಡಿ ಮುಗಿಸಿಬಿಡಿ. ನನ್ನ ಹೆಂಡತಿ ಸಾವಿತ್ರಿ ಮದುವೆಯಾದ ವರ್ಷವೇ ಮಾಡಿ ಮುಗಿಸಿದ್ದಾಳೆ.

ಇಂಥ ನನ್ನ ಕೈಗೆ ಒಂದು ಸಲ ನಿಜವಾದ ಚಿಂತೆಯೇ ಸಿಕ್ಕಿಬಿಟ್ಟಿತು. ನಮ್ಮ ಹಿರಿಯ ಮಗಳು ವಿಮಲೆಯನ್ನು ಗೌರಿಬಿದನೂರಿನವರು ಬಂದು ನೋಡಿಕೊಂಡು ಹೋಗಿದ್ದರು. ಹುಡುಗನ ತಂದೆ ಶಾನುಭೋಗ ವೆಂಕಟರಮಣಯ್ಯನವರು, ತಾಯಿ ಪುಟ್ಟಲಕ್ಷ್ಮಮ್ಮನವರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹುಡುಗಿಯ ಕೈಲಿ ಒಂದು ದೇವರನಾಮ ಹೇಳಿಸಿದರು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದರು. ಹೆಣ್ಣು ಹೆತ್ತವರಿಗೆ ಈ ‘ತಿಳಿಸ್ತೀವಿ’ ಎಂಬ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲ ಕೇಳಲು ಹೋದಾಗ ‘ನೋಡೋಣ’ ಎನ್ನುತ್ತಾರಲ್ಲ, ಅದರ ಅಕ್ಕ ಇದು. ಅವರು ಹೋಗಿ ಒಂದು ತಿಂಗಳಾಗುತ್ತ ಬಂದರೂ ಏನನ್ನೂ ತಿಳಿಸಿರಲಿಲ್ಲ. ವಿಮಲೆ ಬಾಯಿಬಿಟ್ಟು ಕೇಳುವವಳಲ್ಲ. ಆದರೆ ಟಪಾಲಿನವನು ನಮ್ಮ ಬೀದಿಗೆ ತಿರುಗುವ ಹೊತ್ತಿಗೆ ಸರಿಯಾಗಿ ಅವಳಿಗೆ ತುಳಸೀಕಟ್ಟೆಗೆ ನೀರೆರೆಯುವ ಕೆಲಸ ಬೀಳುತ್ತಿತ್ತು. ಆ ತಿಂಗಳು ನಮ್ಮ ತುಳಸಿ ನೀರು ಹೆಚ್ಚಾಗಿಯೇ ಕೊಳೆತುಹೋಯಿತು.

ಅಷ್ಟರಲ್ಲಿ ಮೈಸೂರಿನಲ್ಲಿರುವ ನನ್ನ ಭಾವಮೈದ ಶೀನುವಿನ ಮಗನ ಮುಂಜಿ ಬಂತು. ಈ ಸಂಬಂಧ ಹುಡುಕಿದವನೂ ಶೀನುವೇ. ಶಾನುಭೋಗರು ಅವನ ಹೆಂಡತಿಯ ಕಡೆ ನೆಂಟರು. ಮುಂಜಿಗೆ ನಾವೂ ಹೋದೆವು, ಅವರೂ ಬಂದರು. ಎರಡು ದಿನ ಒಂದೇ ಛತ್ರದಲ್ಲಿದ್ದು, ಒಂದೇ ಪಂಕ್ತಿಯಲ್ಲಿ ಉಂಡರೂ ಅವರು ಆ ವಿಷಯ ಎತ್ತಲಿಲ್ಲ. ನಾವು ಎತ್ತುವ ಹಾಗಿಲ್ಲ. ಮೂರನೆಯ ದಿನ ಬೆಳಿಗ್ಗೆ ಶೀನು ನನ್ನನ್ನು ಪಕ್ಕಕ್ಕೆ ಕರೆದು, ರೈಲು ರಾತ್ರಿಗೆ ತಾನೇ, ನಿಮ್ಮಿಬ್ಬರಿಗೂ ಅವರಿಬ್ಬರಿಗೂ ಊರು ತೋರಿಸುವುದಕ್ಕೆ ಒಂದು ಕಾರು, ಒಬ್ಬ ಗೈಡು ಗೊತ್ತು ಮಾಡಿದ್ದೇನೆ ಎಂದ. “ಒಂದಿನ ಒಟ್ಟಿಗೆ ಓಡಾಡಿ ಭಾವ. ಮಾತಿಗೆ ಮಾತು ಬೆಳೆಯುತ್ತೆ. ಸಾಯಂಕಾಲದೊಳಗೆ ತಾಂಬೂಲ ಬದಲಾಯಿಸಿಕೊಂಡೇ ಬರ್ತೀರಿ. ಆದ್ರೆ ಒಂದು ಮಾತು. ಇವತ್ತು ಮಾತ್ರ ಆ ಚಿಂತೆ ಮುಖ ಮನೇಲಿಟ್ಟು ಹೋಗಿ,” ಎಂದ. ನನಗಿರುವುದು ಒಂದೇ ಮುಖ. ಅದನ್ನೇ ತೊಳೆದುಕೊಂಡು ಹೊರಟೆ.

ಮೊದಲ ತೊಡಕು ಕಾರಿನ ಬಾಗಿಲಲ್ಲೇ. ಗಂಡಿನ ಕಡೆಯವರು ಮೊದಲು ಹತ್ತಬೇಕು ಎಂದು ನಾನು ಹಿಂದೆ ಸರಿದೆ. ಹಿರಿಯರು ನೀವು ಎಂದು ಶಾನುಭೋಗರು ಹಿಂದೆ ಸರಿದರು. ಇಬ್ಬರೂ ಸರಿಯುತ್ತ ಸರಿಯುತ್ತ ಕಾರಿನಿಂದ ಸಾಕಷ್ಟು ದೂರ ಹೋಗಿದ್ದೆವು; ಡ್ರೈವರು ಹಾರನ್ ಮಾಡಿ ಕರೆಯಬೇಕಾಯಿತು. ಇನ್ನು ಕೂರುವುದು ಹೇಗೆ? ಹೆಂಗಸರಿಬ್ಬರೂ ಪುಳಿಯೋಗರೆ ಡಬ್ಬಿ, ನೀರಿನ ಕೂಜದೊಂದಿಗೆ ಹಿಂದಿನ ಸೀಟಿನಲ್ಲಿ ಮಹಾರಾಣಿಯರ ಹಾಗೆ ಕೂತರು. ಬೀಗಿತ್ತಿಯಾಗಬೇಕಾದವರ ಪಕ್ಕದಲ್ಲಿ ನಾನು ಕೂರುವುದು ಸರಿಯಲ್ಲ. ಆದ್ದರಿಂದ ಮುಂದಿನ ಸೀಟಿನಲ್ಲಿ ಡ್ರೈವರು, ಗೈಡು, ಶಾನುಭೋಗರು, ಬಾಗಿಲಿಗೆ ಅಂಟಿಕೊಂಡು ನಾನು. ಬಾಗಿಲಿನ ಹಿಡಿ ನನ್ನ ಪಕ್ಕೆಲುಬಿನೊಳಗೆ ನೆಟ್ಟಿತ್ತು. ಮೈಸೂರಿನ ಎಡಭಾಗವನ್ನು ನಾನು ಚೆನ್ನಾಗಿ ಬಲ್ಲೆ. ಬಲಭಾಗ ಹೇಗಿದೆಯೋ ಇಂದಿಗೂ ಗೊತ್ತಿಲ್ಲ.

ಗೈಡಿನ ಹೆಸರು ನಂಜುಂಡಯ್ಯ. ಕರಿ ಕೋಟು, ಜರಿ ಪೇಟ, ಕೈಯಲ್ಲೊಂದು ಬೆತ್ತ, ಸೊಂಟದಲ್ಲಿ ಎಲೆಯಡಿಕೆ ಸಂಚಿ. ಅವರು ಮಾತಾಡುತ್ತಿರಲಿಲ್ಲ, ಪಾಠ ಒಪ್ಪಿಸುತ್ತಿದ್ದರು. ‘ಇತಿಹಾಸಪ್ರಸಿದ್ಧವಾದ ಈ ನಗರವು’ ಎಂದು ಶುರು ಮಾಡಿದರೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಹಾಕಿದರೆ ಮತ್ತೆ ‘ಇತಿಹಾಸಪ್ರಸಿದ್ಧವಾದ’ ಎಂದು ಮೊದಲಿನಿಂದಲೇ ಬರುತ್ತಿದ್ದರು. ನಮ್ಮ ಕಡೆಯವರಿಗೋ ನಡುವೆ ಬಾಯಿ ಹಾಕದೆ ಏನನ್ನೂ ನೋಡಿ ಅಭ್ಯಾಸವಿಲ್ಲ. ಚಾಮುಂಡಿಬೆಟ್ಟದ ಮೇಲೆ ನಿಲ್ಲಿಸಿ ಅವರು ಕೆಳಗಿನ ಊರು ತೋರಿಸಿದರೆ, ಶಾನುಭೋಗರು ‘ಹೂಂ, ನಮ್ಮ ನಂದಿಬೆಟ್ಟದ ಗಾಳಿ ಇಲ್ಲಿಲ್ಲ’ ಎಂದರು. ನಾನು ತಕ್ಷಣ ಅನುಮೋದಿಸಿದೆ. ಪೇಟೆಯಲ್ಲಿ ನಂಜುಂಡಯ್ಯ ಮೈಸೂರು ರೇಷ್ಮೆಯ ಹೆಸರೆತ್ತಿ ವರ್ಣನೆ ಶುರು ಮಾಡಿದ್ದೇ ತಡ, ಪುಟ್ಟಲಕ್ಷ್ಮಮ್ಮನವರು, “ಗೂಡೆಲ್ಲ ನಮ್ಮ ಶಿಡ್ಲಘಟ್ಟದ್ದು. ಇವರದ್ದೇನಿದೆ, ಬಣ್ಣ,” ಎಂದುಬಿಟ್ಟರು. ಸಾವಿತ್ರಿ ಆನಂದದಿಂದ ತಲೆಯಾಡಿಸಿದಳು. ನಮ್ಮೂರ ಹೆಚ್ಚುಗಾರಿಕೆಯ ವಿಷಯದಲ್ಲಿ ಎರಡು ಮನೆಗೂ ಆಗಲೇ ಮದುವೆಯಾಗಿಹೋಗಿತ್ತು. ಮಕ್ಕಳ ವಿಷಯ ಮಾತ್ರ ಯಾರೂ ಆಡಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಚಿಂತಾಮಣಿ, ಗೌರಿಬಿದನೂರು ಕಡೆ ಮನೆಮಾತು ಕನ್ನಡವಾದರೂ ತೆಲುಗು ಬಾರದವರಿಲ್ಲ. ನಮ್ಮೂರಿನಲ್ಲಿ ತೆಲುಗಿನಲ್ಲಿ ಗುಟ್ಟು ಹೇಳಿದರೆ ಕೊಟ್ಟಿಗೆಯ ಹಸುವಿಗೂ ತಿಳಿಯುತ್ತದೆ. ಆದರೆ ಬೆಂಗಳೂರು ದಾಟಿದೆವೋ, ತೆಲುಗೆಂಬುದು ನಮಗೆ ಒಳಜೇಬಿನ ಹಾಗೆ. ಬೇಕಾದ್ದನ್ನು ಅದರಲ್ಲಿ ಹಾಕಿಡಬಹುದು, ಪರಸ್ಥಳದವರ ಕೈಗೆ ಸಿಕ್ಕುವುದಿಲ್ಲ ಎಂದು ಧೈರ್ಯ. ಸಾವಿತ್ರಿ ಅಂಗಡಿಯವನ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಲೇ ‘ಇಷ್ಟಕ್ಕಿಂತ ಒಂದು ಕಾಸು ಹೆಚ್ಚು ಕೊಡಬೇಡಿ’ ಎಂದು ನನಗೆ ತೆಲುಗಿನಲ್ಲಿ ಅಪ್ಪಣೆ ಕೊಡುತ್ತಾಳೆ. ಅಂದು ಬೆಳಗಿನಿಂದ ನಾವು ನಾಲ್ವರೂ ಆ ಗೈಡನ್ನು ತೆಲುಗಿನಲ್ಲಿ ಎಡೆಬಿಡದೆ ಹುರಿದು ಮುಕ್ಕುತ್ತಿದ್ದೆವು. ಪೇಟ ಬಾಡಿಗೆಯದಿರಬೇಕು ಎಂದು ಪುಟ್ಟಲಕ್ಷ್ಮಮ್ಮನವರು. ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ನಾನು. ಪಾಪ, ಉಳಿದರ್ಧ ಮರೆತಿರಬೇಕು ಎಂದು ಸಾವಿತ್ರಿ. ನಂಜುಂಡಯ್ಯ ನಗುಮುಖದಿಂದ ‘ಇತಿಹಾಸಪ್ರಸಿದ್ಧವಾದ’ ಎನ್ನುತ್ತಲೇ ಇದ್ದರು.

ಮಧ್ಯಾಹ್ನ ಒಂದು ಮರದ ನೆರಳಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಸಾವಿತ್ರಿ ಶೀನುವಿನ ಅಡುಗೆಮನೆಯಲ್ಲಿ ಬೆಳಗಿನ ಜಾವ ಎದ್ದು, ಅವನ ಹೆಂಡತಿಯನ್ನು ಒಲೆಯ ಹತ್ತಿರಕ್ಕೂ ಬಿಡದೆ ಮಾಡಿದ್ದು. ಪುಟ್ಟಲಕ್ಷ್ಮಮ್ಮನವರು ತಿಂದರು, ಕೈ ತೊಳೆದರು, ಮರ ಚೆನ್ನಾಗಿದೆ ಎಂದರು. ಸಾವಿತ್ರಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಅರಮನೆ. ಚಪ್ಪಲಿಗಳನ್ನು ಹೊರಗೆ ಬಿಟ್ಟು, ನೋಡಲು ಬಿಡುವಷ್ಟು ಭಾಗ ನೋಡಲು ಹೊರಟೆವು. ಪ್ರತಿ ಬಾಗಿಲಿಗೂ ನಮ್ಮದು ‘ನೀವು ಮೊದಲು’, ‘ಛೆ, ನೀವು ಮೊದಲು’. ಅರಮನೆಯವರು ಬಾಗಿಲುಗಳನ್ನು ಬಹಳ ಇಡಿಸಿದ್ದಾರೆ. ಹಿಂದೆ ಬಂದವರು ನಮ್ಮನ್ನು ದಾಟಿಕೊಂಡು ಹೋಗಿ, ನೋಡಿ ಮುಗಿಸಿ, ಎದುರು ಬರುತ್ತಿದ್ದರು. ಇಷ್ಟರಲ್ಲಿ ನನಗೊಂದು ಹೊಸ ಚಿಂತೆ ಹತ್ತಿತು. ಶಾನುಭೋಗರು ಮಾತು ಪೂರ್ತಿ ನಿಲ್ಲಿಸಿದ್ದರು. ಮುಖ ಗಂಟಿಕ್ಕಿಕೊಂಡು ಒಂದೊಂದು ಕಂಬದ ಹತ್ತಿರವೂ ನಿಲ್ಲುವರು, ಅದರ ಮೇಲೆ ಕೈಯಿಡುವರು, ಕಣ್ಣು ಮುಚ್ಚುವರು. ಶಿಲ್ಪದಲ್ಲಿ ಆಸಕ್ತಿ ಇರುವವರು ಎಂದು ನಾನೂ ಅವರಿಗೆ ಸರಿಸಮನಾಗಿ ಒಂದೊಂದು ಕಂಬವನ್ನೂ ತಡವಿ, ತಲೆದೂಗಿ, ಹೈಸ್ಕೂಲು ಮೇಷ್ಟರ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ಅಲ್ಲಿ ಕಂಬಗಳೂ ಬಹಳ. ನನ್ನ ಮೊಣಕಾಲು ನೋಯುತ್ತಿತ್ತು. ಇವರು ಸಿಟ್ಟಾಗಿದ್ದಾರೆ, ಸಂಬಂಧ ಬೇಡವೆಂದು ತೀರ್ಮಾನಿಸಿದ್ದಾರೆ, ಹೇಗೆ ಹೇಳುವುದೆಂದು ಕಂಬವನ್ನು ಕೇಳುತ್ತಿದ್ದಾರೆ ಎಂದು ನನಗೆ ಖಚಿತವಾಯಿತು. ರಾತ್ರಿ ರೈಲು ಹತ್ತಿ ನಾಳೆ ಮನೆಗೆ ಹೋದರೆ ವಿಮಲೆ ತುಳಸೀಕಟ್ಟೆಯ ಹತ್ತಿರ ನಿಂತಿರುತ್ತಾಳೆ. ಅವಳಿಗೆ ಏನು ಹೇಳಲಿ?

ಆಗ ನಾನು ಆ ಮಾತು ಆಡಿದೆ. ಶಾನುಭೋಗ ದಂಪತಿಗಳು ನಮಗಿಂತ ಒಂದು ಕಂಬ ಮುಂದಿದ್ದರು. ನಾನು ಸಾವಿತ್ರಿಗೆ ತೆಲುಗಿನಲ್ಲಿ, ಗುಟ್ಟಿನ ಭಾಷೆಯಲ್ಲವೇ ಎಂಬ ಧೈರ್ಯದಿಂದ ಗಟ್ಟಿಯಾಗಿಯೇ, ‘ಈ ಮನುಷ್ಯ ಕಂಬದ ಮುಖ ನೋಡುತ್ತಾನೆ, ನಮ್ಮ ಮುಖ ನೋಡುವುದಿಲ್ಲ. ಮಗನೂ ಹೀಗೇ ಆದರೆ ನಮ್ಮ ಹುಡುಗಿ ಗೋಡೆಯ ಜೊತೆ ಸಂಸಾರ ಮಾಡಬೇಕು. ಬೇಡವಾದರೆ ಬೇಡ ಎಂದು ಹೇಳಿ ತೊಲಗಬಾರದೇ, ನನ್ನ ಕಾಲು ಬಿದ್ದುಹೋಗುತ್ತಿದೆ’ ಎಂದೆ. ಸಾವಿತ್ರಿಯೂ ಹಿಂದುಳಿಯಲಿಲ್ಲ. ಆಕೆ ಮಾತ್ರ ಏನು, ಅಷ್ಟು ಪುಳಿಯೋಗರೆ ತಿಂದು ಮರವನ್ನು ಹೊಗಳಿದಳಲ್ಲ ಎಂದಳು, ಅದೇ ತೆಲುಗಿನಲ್ಲಿ.

ಬೆಳಗಿನಿಂದ ಅವರೂ ನಮ್ಮ ಜೊತೆ ತೆಲುಗಿನಲ್ಲೇ ಗೈಡನ್ನು ಆಡಿಕೊಂಡಿದ್ದರು ಎಂಬುದು ನಮ್ಮಿಬ್ಬರಿಗೂ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ತೆಲುಗೆಂಬುದು ಒಂದು ಗೋಡೆ ಎಂದುಕೊಂಡಿದ್ದೆವು. ಅವರು ಗೋಡೆಯ ಈಚೆಗೇ, ನಮ್ಮ ಪಕ್ಕದಲ್ಲೇ ನಿಂತಿರುವುದು ಮರೆತಿತ್ತು.

ಪುಟ್ಟಲಕ್ಷ್ಮಮ್ಮನವರು ನಿಧಾನವಾಗಿ ಹಿಂದಿರುಗಿದರು. “ಉಪ್ಪು ಕೊಂಚೆಂ ಎಕ್ಕುವಯಿಂದಿ,” ಎಂದರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಎಂದು. ಆಮೇಲೆ ಕನ್ನಡದಲ್ಲಿ, “ಹೇಳಿದ್ರೆ ನೊಂದ್ಕೋತೀರೇನೋ ಅಂತ ಮರದ ಮಾತಾಡಿದೆ ಕಣಮ್ಮ,” ಎಂದರು.

ನಾನು ಹಿಡಿದುಕೊಂಡಿದ್ದ ಕಂಬವನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಮುಂಗಡವಾಗಿ ಮಾಡಿಟ್ಟ ಚಿಂತೆಗಳಲ್ಲಿ ಈ ಸಂದರ್ಭಕ್ಕೆ ಒಂದೂ ಒದಗಲಿಲ್ಲ. ಶಾನುಭೋಗರು ನನ್ನ ಕಡೆ ಬಂದರು. ಕುಂಟುತ್ತ ಬಂದರು, ಅದನ್ನು ನಾನು ನೋಡಿದ್ದು ಆಗಲೇ.

“ಮೇಷ್ಟ್ರೇ, ಮುಂಜಿಗೇಂತ ಹೊಸಾ ಪಂಪ್ ಷೂ ತಗೊಂಡೆ,” ಎಂದರು. “ಬೆಟ್ಟದ ಮೇಲೇ ಹಿಮ್ಮಡಿ ಚರ್ಮ ಕಿತ್ತುಹೋಯ್ತು. ನಾನು ಕಂಬ ಎಲ್ಲಿ ನೋಡ್ದೆ, ಒರಗೋಕೆ ಜಾಗ ನೋಡ್ತಿದ್ದೆ. ನೀವು ಒಂದೊಂದು ಕಂಬಾನೂ ಅಷ್ಟು ಆಸೆಯಿಂದ ನೋಡ್ತಿದ್ರಲ್ಲ, ಹೊರಡೋಣ ಅಂತ ಹೆಂಗೆ ಹೇಳ್ಲಿ?”

ಆಮೇಲೆ ಸ್ವರ ತಗ್ಗಿಸಿ, ಮಾತಿನ ವಿಷಯಕ್ಕೆ ಬಂದರೆ, ಬೀಗತನ ಕುದುರುವವರೆಗೆ ಬಾಯಿ ಬಿಡಕೂಡದೆಂದು ಹೆಂಡತಿಯ ಕಟ್ಟಪ್ಪಣೆಯಾಗಿದೆ ಎಂದು ಹೇಳಿದರು. ಹಿರಿಯ ಮಗನ ಸಂಬಂಧದಲ್ಲಿ ಅವರು ಉಪ್ಪಿಟ್ಟು ತಿನ್ನುತ್ತಿರುವಾಗಲೇ ಒಪ್ಪಿಗೆ ಎಂದುಬಿಟ್ಟರಂತೆ; ಗಂಡಿನ ಕಡೆಯವರ ಗತ್ತೇ ಉಳಿಯಲಿಲ್ಲವೆಂದು ಆಕೆಗೆ ಇಂದಿಗೂ ಕೋಪವಂತೆ. ಈ ಸಲ ನಾವೇ ಕೇಳಲಿ ಎಂದು ಅವರು ಕಾದಿದ್ದರು, ಅವರೇ ಹೇಳಲಿ ಎಂದು ನಾವು ಕಾದಿದ್ದೆವು. ಇದೂ ಒಂದು ಬಾಗಿಲೇ, ಇಬ್ಬರೂ ‘ನೀವು ಮೊದಲು’ ಎಂದು ಒಂದು ತಿಂಗಳಿನಿಂದ ಹೊರಗೆ ನಿಂತಿದ್ದೆವು.

“ನಮ್ಮ ಹುಡುಗ ಗೋಡೆ ಅಲ್ಲ ಮೇಷ್ಟ್ರೇ,” ಎಂದರು ಪುಟ್ಟಲಕ್ಷ್ಮಮ್ಮನವರು. “ಅವನು ಬಾಯಿ ಮುಚ್ಚಿದ್ರೆ ಸಾಕು ಅಂತ ನಾನು ಹರಕೆ ಹೊತ್ತಿದೀನಿ. ನಿಮ್ಮ ಹುಡುಗಿ ಮಿತವಾಗಿ ಮಾತಾಡಿದ್ಲಲ್ಲ, ಅದಕ್ಕೇ ನನಗೆ ಹಿಡಿಸಿದ್ದು.”

ಈಗ ಮಾತಾಡಬೇಕಾದವನು ನಾನು. ಆದರೆ ಬಂದದ್ದು ನಂಜುಂಡಯ್ಯನವರ ದನಿ, ಅಚ್ಚ ತೆಲುಗಿನಲ್ಲಿ. ರಾಹುಕಾಲ ಬೆಳಿಗ್ಗೆಯೇ ಕಳೆಯಿತು, ಹೊತ್ತು ಚೆನ್ನಾಗಿದೆ, ಕೋಟೆಯೊಳಗಿನ ದೇವಸ್ಥಾನದ ಜಗಲಿಯ ಮೇಲೆ ಕೂತು ತಾಂಬೂಲ ಬದಲಾಯಿಸಿಕೊಳ್ಳಿ, ಎಲೆಯಡಿಕೆ ನನ್ನ ಸಂಚಿಯಲ್ಲಿದೆ ಎಂದರು. ತಿರುಪತಿ ಕಡೆಯ ಯಾತ್ರಿಕರು ಬರುವ ಊರಿನಲ್ಲಿ ತೆಲುಗು ಬಾರದೆ ಗೈಡ್ ಕೆಲಸ ನಡೆಯುತ್ತದೆಯೇ? ನಾವು ನಾಲ್ವರೂ ಒಟ್ಟಿಗೇ ಅವರ ಪೇಟವನ್ನು ನೋಡಿ ಒಟ್ಟಿಗೇ ತಲೆ ತಗ್ಗಿಸಿದೆವು. “ಪೇಟ ಸ್ವಂತದ್ದೇ,” ಎಂದರು ಅವರು, ಈ ಸಲ ಕನ್ನಡದಲ್ಲಿ. “ಆದ್ರೆ ಸ್ವಾಮಿ, ಈ ಕಂಬದ ವಿಷಯ ಅರ್ಧಕ್ಕೆ ನಿಂತಿದೆ. ಅದನ್ನ ಮುಗಿಸಿಬಿಡ್ತೀನಿ. ಆಮೇಲೆ ತಾಂಬೂಲ.” ನಾವು ಉಸಿರೆತ್ತದೆ, ಒಬ್ಬರೂ ನಡುವೆ ಬಾಯಿ ಹಾಕದೆ, ಆ ಕಂಬದ ವಿಷಯ ಪೂರ್ತಿ ಕೇಳಿದೆವು. ಇಡೀ ದಿನದಲ್ಲಿ ಅವರು ಕೊನೆ ಮುಟ್ಟಿಸಿದ ಪಾಠ ಅದೊಂದೇ.

ಪುಳಿಯೋಗರೆ ಡಬ್ಬಿಯ ಮುಚ್ಚಳವೇ ತಟ್ಟೆ. ದೇವಸ್ಥಾನದ ಮುಂದೆ ತೆಂಗಿನಕಾಯಿ ಸಿಕ್ಕಿತು. ಮೈಸೂರು ಚಿಗುರೆಲೆ, ನಂಜುಂಡಯ್ಯನವರ ಸಂಚಿಯ ಅಡಿಕೆ. ತಟ್ಟೆ ಯಾರು ಮೊದಲು ಕೊಡಬೇಕೆಂದು ಮತ್ತೆ ‘ನೀವು, ನೀವು’ ಶುರುವಾಗುವುದರಲ್ಲಿತ್ತು; ನಂಜುಂಡಯ್ಯ ಬೆತ್ತ ನೆಲಕ್ಕೆ ಕುಟ್ಟಿದರು, ನಾನೇ ಕೊಟ್ಟುಬಿಟ್ಟೆ.

ವಿಮಲೆಯ ಮದುವೆಯಾಗಿ ಈಗ ಕೆಲವು ವರ್ಷಗಳಾದವು. ಅಳಿಯ ನಮ್ಮ ಮನೆಗೆ ಬಂದರೆ ರೇಡಿಯೋ ಆರಿಸಿಬಿಡುತ್ತೇವೆ, ಎರಡೂ ಒಟ್ಟಿಗೆ ಕೇಳಲಾಗುವುದಿಲ್ಲ. ಸಾವಿತ್ರಿ ಆ ಉಪ್ಪಿನ ಮಾತನ್ನು ಮರೆತಿಲ್ಲ. ಬೀಗರು ಬಂದಾಗ ಪುಳಿಯೋಗರೆಗೆ ಉಪ್ಪೇ ಹಾಕದೆ, ಬಟ್ಟಲಲ್ಲಿ ಬೇರೆ ಇಡುತ್ತಾಳೆ. ಶಾನುಭೋಗರು ಮಾತ್ರ ಬಲು ಒಳ್ಳೆಯವರು. ಗೌರಿಬಿದನೂರಿನಿಂದ ಬಂದು ಬಸ್ಸಿಳಿದು ನಮ್ಮ ಬೀದಿಯ ತಿರುವಿಗೆ ಬಂದೊಡನೆ, ಇಡೀ ಬೀದಿಗೆ ಕೇಳುವಂತೆ, “ನೇನು ವಸ್ತಾ ಉಂಡಾ, ಮಾಟಲು ಮುಗಿಂಚುಕೋಂಡಿ!” ಎಂದು ಕೂಗುತ್ತಾರೆ. ನಾನು ಬರ್ತಾ ಇದ್ದೀನಿ, ಆಡಿಕೊಳ್ಳುವುದೇನಿದ್ದರೂ ಆಡಿ ಮುಗಿಸಿಬಿಡಿ, ಎಂದು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾವು ಏನೂ ಆಡುತ್ತಿರುವುದಿಲ್ಲ. ನಾನು ಕಾಪಿ ಪುಸ್ತಕ ತಿದ್ದುತ್ತಿರುತ್ತೇನೆ, ಸಾವಿತ್ರಿ ಅಕ್ಕಿ ಆರಿಸುತ್ತಿರುತ್ತಾಳೆ. ಆದರೆ ಪಾಪ, ಅಷ್ಟು ದೂರದಿಂದ ಬಂದ ಮನುಷ್ಯ, ಅಷ್ಟು ನಂಬಿಕೆಯಿಂದ ಕೂಗಿದ್ದಾರೆ. ಸುಳ್ಳಾದರೆ ಏನಂದುಕೊಂಡಾರು ಎಂದು ನನಗೆ ಚಿಂತೆ ಹತ್ತುತ್ತದೆ. ಆತುರಾತುರವಾಗಿ ಪುಸ್ತಕ ಪಕ್ಕಕ್ಕಿಟ್ಟು, ಅವರ ಮೇಲೆ ಎರಡು ಮಾತು ತೆಲುಗಿನಲ್ಲಿ ಆಡಿ ಮುಗಿಸುತ್ತೇನೆ. ಬೀಗರಿಗೆ ಯಾವ ಉಪಚಾರಕ್ಕೂ ಕೊರತೆಯಾಗಬಾರದಲ್ಲ.