ಪಿಯೂಸನ ಒಂದು ವರ್ಷದ ಚಂದಾ

ಬೆಳಿಗ್ಗೆ ಕಾಫಿಗೂ ಮೊದಲು ಟಿವಿ ಹಾಕಿದ್ದೇ ಪಿಯೂಸ್ ಮಾಡಿದ ತಪ್ಪು. 'ನಿಮ್ಮ ಸದಸ್ಯತ್ವ ಇಂದು ಮುಗಿಯುತ್ತದೆ' ಎಂದು ಪರದೆಯ ತುಂಬ ಮೂಡಿದ್ದನ್ನು ಹಿಂದೆ ನಿಂತಿದ್ದ ಹೆಂಡತಿ ಮೊಡೆಸ್ಟಾ ಓದಿಬಿಟ್ಟಳು.

"ಟಿವಿಗೆ ಕೊಟ್ಟಾಯ್ತು, ಆ ಆಟದ ಡಬ್ಬಿಗೆ ಕೊಟ್ಟಾಯ್ತು, ನೆಟ್ಟಿಗೆ ತಿಂಗ್ಳು ತಿಂಗ್ಳು ಕೊಡ್ತಾನೇ ಇದೀವಿ. ಇನ್ನು ನಮ್ಮ ಸೋಫಾದಲ್ಲಿ ಕೂತು ಆಡಕ್ಕೂ ಚಂದಾ ಕಟ್ಬೇಕಾ?"

"ಪಕ್ಕದಲ್ಲಿ ಕೂತೋರ ಜೊತೆ ಆಡಿದ್ರೆ ಬೇಡ ಕಣೆ. ದೂರದೋರ ಜೊತೆ ಆಡಕ್ಕೆ ಮಾತ್ರ."

"ಹಂಗಾದ್ರೆ ಪಕ್ಕದ ತೋಟದೋರನ್ನ ಕರ್ಕೊಂಡು ಆಡಿ."

ಪಕ್ಕದ ತೋಟದವರೆಂದರೆ ಸುಬ್ಬಯ್ಯನವರು. ಬೇಲಿಯ ಸಾಲಿನಲ್ಲೊಂದು ಸಿಲ್ವರ್ ಓಕ್ ಮರ, ಅದಕ್ಕೊಂದು ಮೆಣಸಿನ ಬಳ್ಳಿ. ಬಳ್ಳಿಯ ಬುಡ ಇವನ ಕಡೆ, ಗೊಂಚಲೆಲ್ಲ ಅವರ ಕಡೆ. ಕುಯ್ಯುವವರು ಯಾರು ಎಂದು ಶುರುವಾದ ಜಗಳದಲ್ಲಿ ಮಾತು ನಿಂತು ಮೂರು ವರ್ಷವಾಗಿತ್ತು. ಮೆಣಸನ್ನು ಹಕ್ಕಿಗಳು ತಿನ್ನುತ್ತಿದ್ದವು.

ಪಿಯೂಸನಿಗೆ ಬೇಕಿದ್ದದ್ದು 'ಥಂಡರ್ 57'. ಒಂದು ವರ್ಷದಿಂದ ದಿನಾ ಸಂಜೆ ಆರಕ್ಕೆ ಪಿಯೂಸನ ಜೊತೆ ಒಂದೇ ತಂಡದಲ್ಲಿ ಫುಟ್‌ಬಾಲ್ ಆಡುವ, ಹೆಸರು ಊರು ಗೊತ್ತಿಲ್ಲದ ಆಸಾಮಿ. ಮಾತಿಲ್ಲ, ಗುಂಡಿ ಒತ್ತಿದರೆ ಹೋಗುವ 'ಥ್ಯಾಂಕ್ಸ್' ಒಂದೇ. ಏಣಿಯಿಂದ ಬಿದ್ದು ಕಾಲು ಮುರಿದು ಪಿಯೂಸ್ ಮೂರು ತಿಂಗಳು ಮನೆ ಹಿಡಿದಿದ್ದಾಗ, ಮೊದಲ ವಾರದ ಮೇಲೆ ನೆಂಟರು ಯಾರೂ ತಲೆ ಹಾಕಲಿಲ್ಲ. ಥಂಡರ್ ಒಂದು ದಿನವೂ ತಪ್ಪಿಸಲಿಲ್ಲ. ಆ ಋಣ ಪಿಯೂಸನ ಎದೆಯಲ್ಲಿತ್ತು. ಸದಸ್ಯತ್ವ ತಪ್ಪಿದರೆ ಹೇಳದೆ ಕೇಳದೆ ಕೈಬಿಟ್ಟಂತೆ ಆಗುತ್ತದಲ್ಲ ಎಂದು ಸಂಕಟವಾಯಿತು.

ಗೊಬ್ಬರ ತರುವ ನೆಪ ಹೇಳಿ ಬಾಳ್ಳುಪೇಟೆಗೆ ಹೋದ. ಮೊಬೈಲ್ ಅಂಗಡಿಯ ರಾಜೇಶನ ಕಿವಿಯಲ್ಲಿ, "ಹನ್ನೆರಡಂಕಿ ಕೋಡ್ ಇರೋ ಕಾರ್ಡ್ ಒಂದು ಬೇಕಿತ್ತು. ಮನೇಲಿ ಗೊತ್ತಾಗ್ಬಾರ್ದು. ಇವತ್ತೇ ಕಟ್ಬೇಕು," ಎಂದ.

ಇಷ್ಟು ಕೇಳಿದ್ದೇ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಯೋಗಾನಂದರು ಎದ್ದು ಬಂದು ಅವನ ಮೊಬೈಲ್ ಕಿತ್ತುಕೊಂಡರು.

"ಯಾರು ಫೋನ್ ಮಾಡಿದ್ದು? ಪೊಲೀಸ್ ಡ್ರೆಸ್ ಹಾಕಿದ್ನಾ?"

"ಇಲ್ಲ ಸಾರ್, ನಾನೇ..."

"ಹಂಗೇ ಹೇಳು ಅಂತ ಕಲ್ಸಿರ್ತಾರೆ. ರಾಜೇಶ, ಶಟರ್ ಎಳಿ. ಈವಯ್ಯನ್ನ ಡಿಜಿಟಲ್ ಅರೆಸ್ಟ್ ಮಾಡ್ಬುಟ್ಟವ್ರೆ."

ಐದು ನಿಮಿಷಕ್ಕೆ ಅರ್ಧ ಪೇಟೆ ಅಂಗಡಿಯ ಮುಂದಿತ್ತು. ಒಬ್ಬರು ನೀರು ಕುಡಿಸಿದರು, ಒಬ್ಬರು ಗಾಳಿ ಹಾಕಿದರು. ಎಳನೀರಿನ ಗಂಗಾಮಣಿ, "ಹೋದ್ರೆ ದುಡ್ಡು ಹೋಯ್ತು, ಜೀವಕ್ಕೇನೂ ಮಾಡ್ಕೋಬೇಡಿ ಅಣ್ಣ," ಎಂದು ಕಣ್ಣೊರೆಸಿಕೊಂಡಳು. ಸ್ಟೇಷನ್ನಿಗೆ ಕರೆದೊಯ್ಯಲು ಜೀಪೂ ಬಂತು. ಬೇರೆ ದಾರಿ ಕಾಣದೆ ಪಿಯೂಸ್ ಬಾಯಿಬಿಟ್ಟ.

"ವಿಡಿಯೋ ಗೇಮ್ ಆಡಕ್ಕೆ ಕಣ್ರೀ."

ಗಾಳಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ ಯೋಗಾನಂದರು ಮೊಬೈಲ್ ವಾಪಸ್ ಕೊಡುತ್ತ, "ನಿನ್ನ ವಯಸ್ಸೆಷ್ಟು ಮಾರಾಯ?" ಎಂದರು.

"ಐವತ್ತೊಂದು."

ಜನರಿಗೆ ಬೇಜಾರಾಯಿತು. ಮೋಸವೇ ಹೋಗಿದ್ದರೆ ಅವನಿಗೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ತಿಂಗಳ ಕಾರ್ಡು ಮುಗಿದಿದೆಯೆಂದು ರಾಜೇಶ ವರ್ಷದ್ದನ್ನೇ ಕೊಟ್ಟ. ಕಿವಿಗೆ ಹಾಕುವ ಮೈಕೊಂದನ್ನೂ ಪಿಯೂಸ್ ಕೊಂಡ. ಇಷ್ಟೆಲ್ಲ ಆದ ಮೇಲೆ ಥಂಡರ್‌ಗೆ ಬಾಯಿಬಿಟ್ಟು ಒಂದು ಥ್ಯಾಂಕ್ಸ್ ಹೇಳಲೇಬೇಕೆನಿಸಿತ್ತು.

ಆರಕ್ಕೆ ಆಟ ಶುರುವಾಯಿತು. ಪಿಯೂಸ್ ಮೈಕನ್ನು ಕಿವಿಗೆ ಸಿಕ್ಕಿಸಿಕೊಂಡು, "ಸರ್, ನನ್ ಕಾಲು ಮುರಿದಾಗ ನೀವಿದ್ರಿ. ಭಾಳ ಉಪಕಾರ ಆಯ್ತು," ಎಂದ.

ಆ ಕಡೆಯಿಂದ ಆತುರದ ದನಿ ಬಂತು. "ಒಂದ್ನಿಮಿಷ ಇರಿ ಸ್ವಾಮಿ, ತೋಟಕ್ಕೆ ಆನೆ ಬಂದೈತೆ. ಪಟಾಕಿ ಹೊಡ್ದು ಬತ್ತೀನಿ."

ಢಂ ಎಂದು ಕಿವಿಯಲ್ಲಿ ಕೇಳಿತು. ಅದೇ ಢಂ ಕಿಟಕಿಯಿಂದಲೂ ಕೇಳಿತು. ಕಿವಿಯ ಮೈಕೂ ಕೈಯ ರಿಮೋಟೂ ಸಮೇತ ಪಿಯೂಸ್ ಹೊರಗೆ ಓಡಿದ. ಆನೆ ಗದ್ದೆ ಕಡೆಗೆ ಇಳಿಯುತ್ತಿತ್ತು. ಬೇಲಿಯಾಚೆ, ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ರಿಮೋಟ್ ಹಿಡಿದು ಸುಬ್ಬಯ್ಯನವರು ನಿಂತಿದ್ದರು.

ಇಬ್ಬರೂ ಒಬ್ಬರ ಕಿವಿಯ ಮೈಕನ್ನೂ ಕೈಯ ರಿಮೋಟನ್ನೂ ಒಬ್ಬರು ನೋಡಿದರು.

"ಮೊಮ್ಮಗ ಬುಟ್ಟೋಗಿದ್ದು," ಎಂದರು ಸುಬ್ಬಯ್ಯನವರು. ಬೆಂಕಿಪೊಟ್ಟಣ ಜೇಬಿಗಿಳಿಸುತ್ತ, "ಕಾಲು ಈಗ ಹೆಂಗೈತೆ?"

ಪಿಯೂಸನ ಕಣ್ಣು ತುಂಬಿತು. ಕೈ ಹಿಡಿದು ಒಳಗೆ ಕರೆತಂದ. ಇಬ್ಬರೂ ಸೋಫಾದಲ್ಲಿ ಅಕ್ಕಪಕ್ಕ ಕೂತರು. ಕಾಫಿ ತಂದ ಮೊಡೆಸ್ಟಾ, ಮೇಜಿನ ಮೇಲಿದ್ದ ಕೋಡಿಗಾಗಿ ಕೆರೆದಿದ್ದ ಕಾರ್ಡನ್ನು ನೋಡಿದಳು.

"ಪಕ್ಕದಲ್ಲಿ ಕೂತೋರ ಜೊತೆ ಆಡಿದ್ರೆ ಚಂದಾ ಬೇಡ ಅಂದಿದ್ರಲ್ಲ?"

ಪಿಯೂಸನ ಕಾಫಿ ನೆತ್ತಿಗೇರಿತು. ವರ್ಷದ ಚಂದಾ ಕಟ್ಟಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಹತ್ತು ನಿಮಿಷ ಚೆನ್ನಾಗಿಯೇ ಆಡಿದರು. ಹನ್ನೊಂದನೆಯ ನಿಮಿಷಕ್ಕೆ, "ಪಾಸ್ ಕೊಡಕ್ಕೆ ಏನ್ ರೋಗ ನಿಂಗೆ? ಮೆಣಸಿನ ವಿಷ್ಯದಲ್ಲೂ ಹಿಂಗೇ," ಎಂದರು ಸುಬ್ಬಯ್ಯನವರು.

"ಬಳ್ಳಿ ಬುಡ ನಂದು ಸುಬ್ಬಣ್ಣ," ಎಂದ ಪಿಯೂಸ್.

ಸುಬ್ಬಯ್ಯನವರು ಅರ್ಧ ಕಾಫಿ ಬಿಟ್ಟು ಎದ್ದು ಬೇಲಿ ದಾಟಿ ಹೋಗಿಬಿಟ್ಟರು. ಪಿಯೂಸ್ ತಲೆಯ ಮೇಲೆ ಕೈಹೊತ್ತು ಕೂತ. ಒಂದೇ ದಿನದಲ್ಲಿ ಪೇಟೆಯಲ್ಲಿ ಮಾನ ಹೋಗಿತ್ತು, ದುಡ್ಡು ಹೋಗಿತ್ತು, ಸಿಕ್ಕಿದ ಗೆಳೆಯನೂ ಹೋಗಿದ್ದ.

ಐದು ನಿಮಿಷಕ್ಕೆ ಟಿವಿ ಟಿಣ್ ಎಂದಿತು. 'ಥಂಡರ್ 57 ನಿಮ್ಮನ್ನು ಆಟಕ್ಕೆ ಕರೆಯುತ್ತಿದ್ದಾರೆ.'

ಪಿಯೂಸ್ ಮೈಕನ್ನು ಬಿಚ್ಚಿ ಸೋಫಾದ ಅಡಿಗೆ ತಳ್ಳಿದ. ನೆಟ್ಟಗೆ ಕೂತು 'ಥ್ಯಾಂಕ್ಸ್' ಗುಂಡಿ ಒತ್ತಿದ.

ಮೊಡೆಸ್ಟಾ ಕಪ್ಪುಗಳನ್ನು ಎತ್ತಿಕೊಳ್ಳುತ್ತ ಹೇಳಿದಳು: "ಮುಂದಿನ ವರ್ಷದ್ದೂ ಈಗ್ಲೇ ಕಟ್ಬಿಡಿ."