ನನ್ನ ಚಿಕ್ಕ ತಲೆ ಕೋಲಿನ ಪ್ರತಾಪ

ಮೂವತ್ತು ವರ್ಷ ಸರ್ವೇಯರ್ ಆಗಿ ಊರವರ ಜಮೀನು ಅಳೆದವನು ನಾನು. ಆಗ ಸರಪಳಿ ಹಿಡಿದು ಹೊಲಕ್ಕೆ ಇಳಿದರೆ ಸಾಕು, ಏನಾದರೊಂದು ರಾದ್ಧಾಂತ ಆಗುತ್ತಿತ್ತು. ನಿವೃತ್ತನಾದ ಮೇಲಾದರೂ ನೆಮ್ಮದಿಯಾಗಿರೋಣ ಅಂತ ಸರಪಳಿ ಬಿಟ್ಟು ಗಾಲ್ಫ್ ಕೋಲು ಹಿಡಿದೆ. ರಾದ್ಧಾಂತಕ್ಕೆ ಮಾತ್ರ ನಿವೃತ್ತಿ ಇಲ್ಲ.

ಕಡೂರಿನಲ್ಲಿ ಗಾಲ್ಫೇ ಅಂತ ಹುಬ್ಬೇರಿಸಬೇಡಿ. ಆಡುವವರು ಮೂವರೇ. ನಾನು, ಕಡೂರಿನ ಕೊಬ್ಬರಿ ಮಂಡಿಯ ಸಾಹುಕಾರರು, ಅಜ್ಜಂಪುರದ ನಿವೃತ್ತ ದನದ ಡಾಕ್ಟರು. ಬೀರೂರು ರಸ್ತೆಯಲ್ಲಿ ಸಾಹುಕಾರರದೊಂದು ಬೀಳು ಹೊಲವಿದೆ. ಅದರಲ್ಲಿ ನಾಲ್ಕು ಗುಳಿ ತೋಡಿ, ಪ್ರತಿ ಭಾನುವಾರ ಬೆಳಿಗ್ಗೆ ಚೆಂಡು ಹೊಡೆಯುತ್ತೇವೆ. ಗಜ, ಮೀಟರು ನಮಗೆ ಬೇಡ. ಪಕ್ಕದ ತೆಂಗಿನ ಸಾಲು ನೋಡಿ "ಹತ್ತು ಮರ ಹೋಯ್ತು", "ಹದಿನೈದು ಮರ ಹೋಯ್ತು" ಅನ್ನುತ್ತೇವೆ. ಹೊಲದ ತುದಿಯಲ್ಲಿ ಹಳೇ ಕತ್ತಾಳೆ ಸಾಲಿದೆ. ಅದನ್ನು ದಾಟಿದ ಚೆಂಡು ಲೆಕ್ಕಕ್ಕಿಲ್ಲ. ಈ ಕಾನೂನು ಮಾಡಿದವನು ನಾನೇ. ಗಡಿ ಗೊತ್ತಿಲ್ಲದ ಕಡೆ ನನಗೆ ನಿಂತರೂ ಸಮಾಧಾನವಿಲ್ಲ.

ಕೋಲು ಬಂದದ್ದು

ಸರ್ವೀಸಿನ ಕೊನೇ ವರ್ಷ ಕಾಫಿ ತೋಟದ ವಯಸ್ಸಾದ ಯಜಮಾನರೊಬ್ಬರ ಜಮೀನು ಅಳೆದೆ. ಅಳೆದ ಮೇಲೆ ಅವರ ಎರಡು ಗುಂಟೆ ಪಕ್ಕದವರ ಪಾಲಾಯಿತು. ನಾನು ನಿವೃತ್ತನಾಗುವ ವಾರ ಅವರು ಹೇಳಿಕಳಿಸಿದರು. ಬೈಗುಳ ತಿನ್ನಲು ತಯಾರಾಗಿಯೇ ಹೋದೆ.

"ನಿಮ್ಮಿಂದ ಎರಡು ಗುಂಟೆ ಕಳ್ಕೊಂಡೆ ಕಣ್ರೀ. ಆದ್ರೆ ನಮ್ಮಪ್ಪನ ಕಾಲದ ವ್ಯಾಜ್ಯ ಮುಗೀತು. ಇದು ತಗೊಳ್ಳಿ" ಅಂತ ತಾವು ಆಡುತ್ತಿದ್ದ ಗಾಲ್ಫ್ ಕೋಲೊಂದನ್ನು ಕೈಗಿತ್ತರು. ಮೊದಲ ದೂರದ ಹೊಡೆತಕ್ಕೆ ಬಳಸುವ ಕೋಲು, ಡ್ರೈವರ್ ಅನ್ನುತ್ತಾರೆ. ಗಟ್ಟಿ ಮರದ ತಲೆ, ಗಾತ್ರದಲ್ಲಿ ಒಂದು ಬೆಲ್ಲದಚ್ಚಿನಷ್ಟು. ಹೊಡೆಯುವುದನ್ನೂ ಅವರೇ ಅಂಗಳದಲ್ಲಿ ನಿಲ್ಲಿಸಿ ಹೇಳಿಕೊಟ್ಟರು.

ಮನೆಗೆ ತಂದಾಗ ಹೆಂಡತಿ ತಿರುಗಿಸಿ ಮುರುಗಿಸಿ ನೋಡಿದಳು.

"ಮೂವತ್ತು ವರ್ಷ ಯಾರ ಹತ್ರಾನೂ ಏನೂ ಮುಟ್ಲಿಲ್ಲ ನೀವು. ಮುಟ್ಟೋದು ಮುಟ್ಟಿದ್ರಿ, ಇದನ್ನಾ ಮುಟ್ಟೋದು?"

ನೀರು ನೋಡುವವರು

ಒಂದು ಭಾನುವಾರ ನನ್ನ ಚೆಂಡು ಪಕ್ಕದ ಹೊಲಕ್ಕೆ ಹಾರಿತು. ಹೋಗಿ ಹುಡುಕಿದೆ. ಕೋಲಿನ ತುದಿಯಿಂದ ಹುಲ್ಲು ಸರಿಸುತ್ತಾ, ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ಅರ್ಧ ಗಂಟೆ ತಿರುಗಿದೆ. ಕೊನೆಗೆ ಒಂದು ಕಡೆ ಕಂಡಿತು. ಅಲ್ಲೇ ನಿಂತು ಎರಡು ಸಲ ಕೋಲು ಆಡಿಸಿ ಹೊಡೆದು ಬಂದೆ. ಹೊಲದ ಯಜಮಾನ ಬದುವಿನ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದ.

ತಿಂಗಳಾದ ಮೇಲೆ ಆತ ಹಣ್ಣುಕಾಯಿ, ಎಲೆಯಡಿಕೆ ಹಿಡಿದು ಮನೆ ಬಾಗಿಲಿಗೇ ಬಂದ.

"ಬುದ್ಧಿ, ನೀವು ನಿಂತ ಜಾಗದಲ್ಲೇ ಬೋರ್ ಹಾಕಿಸ್ದೆ. ಎರಡೂವರೆ ಇಂಚು ನೀರು ಬಂದ್ಬಿಡ್ತು!"

"ಅಯ್ಯೋ, ನಾನು ನೀರು ನೋಡ್ಲಿಲ್ಲ ಕಣಪ್ಪಾ. ಕಳೆದುಹೋದ ಚೆಂಡು ಹುಡುಕ್ತಿದ್ದೆ."

ಆತ ಸುತ್ತ ಮುತ್ತ ನೋಡಿ ದನಿ ತಗ್ಗಿಸಿದ. "ಗೊತ್ತು ಬಿಡಿ ಬುದ್ಧಿ. ವಿದ್ಯೆ ಇರೋರು ಯಾರೂ ಒಪ್ಕೊಳ್ಳಲ್ಲ."

ಅಂದಿನಿಂದ ನಾನು ಯಾವ ಹೊಲದಲ್ಲಿ ಒಂದು ನಿಮಿಷ ನಿಂತರೂ ಹಿಂದಿನಿಂದ ಯಾರಾದರೂ ಬಂದು ಕಲ್ಲಿಟ್ಟು ಹೋಗುತ್ತಾರೆ. ಹೋದ ತಿಂಗಳು ಚಪ್ಪಲಿಯ ಮುಳ್ಳು ಕೀಳಲು ನಿಂತ ಜಾಗಕ್ಕೂ ಕುಂಕುಮ ಬಿದ್ದಿದೆ.

ತಿರುಳಿಲ್ಲದ ಕಾಯಿ

ಇಷ್ಟಾಗುವಾಗ ಸಾಹುಕಾರರು ಹೊಸಾ ಡ್ರೈವರ್ ತರಿಸಿದರು. ಈಗಿನ ಕಾಲದ್ದು. ತಲೆ ಸುಲಿದ ತೆಂಗಿನಕಾಯಿಯಷ್ಟು ದಪ್ಪ, ಕರ್ರಗೆ ಮಿರಮಿರ ಮಿಂಚುತ್ತಿತ್ತು. ಮಂಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಗಾದಿಯ ಮೇಲೆ ಮಲಗಿಸಿದ್ದರು. ನನ್ನನ್ನೂ ಡಾಕ್ಟರನ್ನೂ ಕರೆಸಿ ಕಾಫಿ ಕೊಟ್ಟರು.

ಮೂಟೆ ಹೊರುವ ಹಮಾಲಿಯೊಬ್ಬ ಕೈ ಒರೆಸಿಕೊಂಡು ಬಂದ. ಅವನು ಕೊಬ್ಬರಿ ಪರೀಕ್ಷೆಯಲ್ಲಿ ಎತ್ತಿದ ಕೈ. ಕಾಯಿ ತಟ್ಟಿ, ಕಿವಿಯ ಹತ್ತಿರ ಅಲುಗಿಸಿ, ಒಳಗೆ ಕೊಬ್ಬರಿ ಹೇಗಿದೆ ಅಂತ ಹೇಳಿಬಿಡುತ್ತಾನೆ. ಡ್ರೈವರಿನ ತಲೆಯನ್ನೂ ಹಾಗೇ ತಟ್ಟಿದ. ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಮುಖ ಸಣ್ಣದಾಯಿತು.

"ಸಾವ್ಕಾರ್ರೆ, ಒಳಗೆ ತಿರುಳೇ ಇಲ್ಲ ಕಣ್ರೀ. ಬರೀ ಬುರುಡೆ. ಯಾರೋ ನಿಮಗೆ ಟೋಪಿ ಹಾಕವ್ರೆ."

ಡಾಕ್ಟರೂ ಬಗ್ಗಿ ಎರಡು ಬೆರಳಿನಿಂದ ತಟ್ಟಿದರು. "ಹೊಟ್ಟೆ ಉಬ್ಬರಿಸಿದ ಹಸು ಹಿಂಗೇ ಡಬ್ ಡಬ್ ಅನ್ನುತ್ತೆ. ಒಂದು ಬಾಟ್ಲಿ ಎಣ್ಣೆ ಕುಡಿಸಿ ನೋಡಿ."

ಸಾಹುಕಾರರು ನಗಲಿಲ್ಲ. ಹೊಲಕ್ಕೆ ಇನ್ನು ಮೇಲೆ ಕ್ಲಬ್ ಅಂತ ಬೋರ್ಡು, ಹೊಸ ತಹಸೀಲ್ದಾರ್ ಮೇಡಂ ಅವರಿಂದ ಉದ್ಘಾಟನೆ, ಎಲ್ಲರ ಕೈಯಲ್ಲೂ ದೊಡ್ಡ ತಲೆಯ ಡ್ರೈವರ್ ಅಂತ ಹುಕುಂ ಮಾಡಿದರು. ಅಷ್ಟು ಮಾತಾಡಿದ್ದ ಡಾಕ್ಟರು ಮರುವಾರವೇ ಒಂದು ತಂದರು. ನಾನು ಒಲ್ಲೆ ಅಂದೆ.

"ಯಾಕ್ರೀ ಹಠ? ಇದರಲ್ಲಿ ಎಲ್ಲಿಗೆ ತಾಗಿದ್ರೂ ಚೆಂಡು ದೂರ ಹೋಗುತ್ತೆ. ತಪ್ಪು ಹೊಡೆದಿದ್ದು ಗೊತ್ತೇ ಆಗಲ್ಲ!" ಅಂದರು ಸಾಹುಕಾರರು.

ನನಗೆ ಬೇಡವಾಗಿದ್ದು ಅದೇ. ತಪ್ಪು ಗೊತ್ತಾಗದ ಹಾಗೆ ಮುಚ್ಚುವ ಸಲಕರಣೆಗಳನ್ನು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ನನ್ನ ಮರದ ತಲೆ ಹಾಗಲ್ಲ. ಕೂದಲೆಳೆ ಆಚೀಚೆ ತಾಗಿದರೂ ಅಂಗೈ ಚುರ್ ಅನ್ನುತ್ತದೆ. ಸರಿಯಾಗಿ ತಾಗಿದ ದಿನ ಮಾತ್ರ ಮಧ್ಯಾಹ್ನದ ಊಟ ರುಚಿಸುತ್ತದೆ.

"ಸರಿ, ಉದ್ಘಾಟನೆ ದಿನ ಇಬ್ಬರಿಗೂ ಒಂದೊಂದೇ ಹೊಡೆತ. ದೂರ ಹೋದೋರು ಗೆದ್ದಂಗೆ. ನೀವು ಸೋತ್ರೆ ದೊಡ್ಡದು ತರಬೇಕು, ಇಲ್ಲಾ ಹೊಲಕ್ಕೆ ಬರೋದು ಬಿಡಬೇಕು" ಅಂದರು ಸಾಹುಕಾರರು.

ಒಪ್ಪಿಕೊಂಡು ಮನೆಗೆ ಬಂದೆ. ರಾತ್ರಿ ಊಟ ಸೇರಲಿಲ್ಲ. ನಿವೃತ್ತನಾದವನಿಗೆ ವಾರದಲ್ಲಿ ಇರುವುದು ಒಂದೇ ದಿನ, ಭಾನುವಾರ. ಮಿಕ್ಕವು ಬರೀ ಕ್ಯಾಲೆಂಡರಿನಲ್ಲಿರುತ್ತವೆ.

ತರೀಕೆರೆ ಬಸ್ಸಿನ ಮಗು

ಉದ್ಘಾಟನೆಗೆ ತಮ್ಮ ಬೀಗರನ್ನು ಕರೆಯಲು ಸಾಹುಕಾರರು ತರೀಕೆರೆಗೆ ಹೊರಟರು. ಹೊಸಾ ಡ್ರೈವರ್ ಕೋಲನ್ನೂ ಅವರಿಗೆ ತೋರಿಸಬೇಕಿತ್ತು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು, ಪಂದ್ಯ ಬೇರೆ, ಸ್ನೇಹ ಬೇರೆ ಅಂತ. ವಾಪಸು ಬರುವಾಗ ಕಾರು ಕೆಟ್ಟು, ಬಸ್ಸು ಹತ್ತಬೇಕಾಯಿತು.

ಡ್ರೈವರಿನ ತಲೆಗೆ ಗೀರು ಬೀಳಬಾರದೆಂದು ಸಾಹುಕಾರರ ಮಗಳು ಉಲ್ಲನ್ ಟೋಪಿ ಹೆಣೆದುಕೊಟ್ಟಿದ್ದಳು. ಸಾಹುಕಾರರು ಕೋಲಿಗೆ ಶಾಲು ಸುತ್ತಿ, ಟೋಪಿ ಹಾಕಿದ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಕೂತರು. ಹಿಂದಿನ ಸೀಟಿನ ಅಜ್ಜಿ ಬಗ್ಗಿ ನೋಡಿದಳು.

"ಗಲಾಟೇನೇ ಇಲ್ಲ ಪಾಪ. ಎಷ್ಟು ತಿಂಗ್ಳಾಯ್ತಪ್ಪಾ?"

ಸಾಹುಕಾರರಿಗೆ ಅದರ ವಿಷಯ ಯಾರು ಕೇಳಿದರೂ ಖುಷಿ. ತಿರುಗಿಯೂ ನೋಡದೆ, "ಎರಡು ತಿಂಗ್ಳು ಕಣಮ್ಮಾ" ಅಂದರು.

"ತಲೆ ವಸಿ ದಪ್ಪ ಅಲ್ವಾ?"

"ಅದೇ ಕಣಮ್ಮಾ ಇದರ ವಿಶೇಷ! ಈ ತಾಲ್ಲೂಕಲ್ಲೇ ಇಷ್ಟು ದೊಡ್ಡದು ಇನ್ನೊಂದಿಲ್ಲ."

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕರವಸ್ತ್ರ ಕಚ್ಚಿಕೊಂಡೆ. ಬೀರೂರಿನಲ್ಲಿ ಇಳಿಯುವಾಗ ಅಜ್ಜಿ ಟೋಪಿಯ ಮೇಲೆ ಕೈ ನೀವಾಳಿಸಿ, ನೆಟಿಕೆ ಮುರಿದು ಹೇಳಿದಳು.

"ಎದೆಗುಂದಬೇಡ ಕಣಪ್ಪಾ. ಮೈ ಬಂದಂಗೆಲ್ಲಾ ತಲೆ ಸರಿಹೋಗ್ತದೆ."

ಕತ್ತಾಳೆ ಸಾಲು

ಉದ್ಘಾಟನೆಯ ದಿನ ಶಾಮಿಯಾನ, ಮೈಕು, ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ತಹಸೀಲ್ದಾರ್ ಮೇಡಂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಟೇಪು ಕತ್ತರಿಸಿ ಕುರ್ಚಿಯಲ್ಲಿ ಕೂತರು.

ಮೊದಲು ನಾನು. ಟಕ್ ಅಂತ ಹೊಡೆದೆ. ಅಂಗೈ ಚುರ್ ಅನ್ನಲಿಲ್ಲ. ಚೆಂಡು ನೆಟ್ಟಗೆ ಹದಿನೆಂಟು ಮರ ಹೋಗಿ, ಕತ್ತಾಳೆ ಸಾಲಿಗೆ ಇನ್ನೂ ಎರಡು ಮರ ಇದೆ ಅನ್ನುವಾಗ ನಿಂತಿತು.

ಸಾಹುಕಾರರು ಟಣ್ ಅನ್ನಿಸಿದರು. ಚೆಂಡು ಎಲ್ಲರ ತಲೆ ಮೇಲಿಂದ ಹಾರಿ, ಕತ್ತಾಳೆಯನ್ನೂ ದಾಟಿ ಆಚೆ ಬಿತ್ತು.

"ಗಡಿ ದಾಟ್ತು. ಲೆಕ್ಕಕ್ಕಿಲ್ಲ" ಅಂದರು ಡಾಕ್ಟರು.

"ಯಾವ ಗಡಿ ರೀ?" ಸಾಹುಕಾರರು ಮೈಕನ್ನೇ ಕೈಗೆ ತಗೊಂಡರು. "ಕತ್ತಾಳೆ ಆಚೆನೂ ನಂದೇ. ಅಗೋ, ತಂತಿ ಬೇಲಿ ಕಾಣುತ್ತಲ್ಲ, ಅಲ್ಲೀವರೆಗೂ ನಂದೇ! ಮೇಡಂ ಎದುರಿಗೇ ಹೇಳ್ತಿದೀನಿ."

ಅವರ ಮಂಡಿಯ ಗುಮಾಸ್ತ ಹಿಂದಿನಿಂದ ಅಂಗಿ ಜಗ್ಗಿದ. "ಬಿಡೋ ಲೇ ಅಂಗೀನ" ಅಂತ ಅದೂ ಮೈಕಿನಲ್ಲೇ ಕೇಳಿಸಿತು.

ಮೇಡಂ ಮೊದಲ ಸಲ ಬಾಯಿ ಬಿಟ್ಟರು. "ಖಾತೆಯಲ್ಲಿ ಎಷ್ಟಿದೆ?"

"ಎಂಟೆಕರೆ ಮೇಡಂ."

"ಬೇಲಿ ಒಳಗೆ ಎಂಟಕ್ಕಿಂತ ಜಾಸ್ತಿ ಕಾಣ್ತಿದೆಯಲ್ಲಾ?" ಅಂತ ನನ್ನ ಕಡೆ ತಿರುಗಿದರು. "ನೀವು ಸರ್ವೇಯರ್ ಆಗಿದ್ರಂತೆ. ಬಾಂದುಕಲ್ಲು ಎಲ್ಲಿದೆ ಗೊತ್ತಾ?"

ಗೊತ್ತಿತ್ತು. ಕತ್ತಾಳೆಯ ಬುಡದಲ್ಲಿ ನಾನೇ ನೆಡಿಸಿದ ಗಡಿಕಲ್ಲು. ಆಚೆ ಇರುವುದು ದನ ಮೇಯುವ ಗೋಮಾಳ. ನನ್ನ ಸರ್ವೀಸು ಮುಗಿದ ಮೇಲೆ ಬಂದ ತಂತಿ ಬೇಲಿ ಅದು. ಪ್ರತಿ ಭಾನುವಾರ ಕಣ್ಣಿಗೆ ಬೀಳುತ್ತಿತ್ತು. ಆಟದ ಆಸೆಗೆ ನಾನೂ ಕಂಡೂ ಕಾಣದವನಂತಿದ್ದೆ, ನನಗೇ ನಾಚಿಕೆಯಾಯಿತು. ಈಗ ಕಲ್ಲು ತೋರಿಸಿದರೆ ಪಂದ್ಯ ಗೆಲ್ಲುತ್ತೇನೆ, ಹೊಲಕ್ಕೆ ಮಾತ್ರ ಸಾಹುಕಾರರು ಜನ್ಮದಲ್ಲಿ ಬಿಡುವುದಿಲ್ಲ. ಆದರೂ ಮೂವತ್ತು ವರ್ಷದ ಅಭ್ಯಾಸ, ಕಾಲು ತಾನಾಗಿ ಕತ್ತಾಳೆಯ ಕಡೆ ನಡೆಯಿತು.

"ಅಲ್ಲಿ ಯಾವ ಕಲ್ಲೂ ಇಲ್ಲ, ನೋಡಿ ಬೇಕಾದ್ರೆ!" ಅಂತ ಸಾಹುಕಾರರೇ ಮುಂದೆ ಬಂದು ತಮ್ಮ ಡ್ರೈವರನ್ನು ಮುಳ್ಳಿನ ನಡುವೆ ತೂರಿಸಿದರು. ದಪ್ಪ ತಲೆ ಎಸಳುಗಳ ಮಧ್ಯೆ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಪಕ್ಕದಲ್ಲಿ ನಾನು ನನ್ನ ಕೋಲು ಇಳಿಸಿದೆ. ಬೆಲ್ಲದಚ್ಚಿನ ಗಾತ್ರದ ತಲೆ ಸಲೀಸಾಗಿ ಒಳಗೆ ಹೋಗಿ ತಳ ಮುಟ್ಟಿತು.

ಟಕ್. ಕಲ್ಲು.

ವಾರದೊಳಗೆ ಅಳತೆಯಾಗಿ, ತಂತಿ ಬೇಲಿ ಕತ್ತಾಳೆಯ ಸಾಲಿಗೆ ಬಂತು. ಎರಡೆಕರೆ ದನಗಳಿಗೆ ವಾಪಸಾಯಿತು. ಎರಡು ಭಾನುವಾರ ನಾನು ಮನೆಯಲ್ಲೇ ಕೂತು ಗೋಡೆ ನೋಡಿದೆ. ಮೂರನೇ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಸಾಹುಕಾರರು. ಮುಖ ಗಂಟು ಹಾಕಿಕೊಂಡೇ ಕೂತರು. ಹೆಂಡತಿ ಕೊಟ್ಟ ಕಾಫಿಯನ್ನು ಕೊನೇ ಗುಟುಕಿನವರೆಗೂ ಕುಡಿದು ಲೋಟ ಕೆಳಗಿಟ್ಟರು.

"ಸರ್ವೇಯರ್ ಸಾಹೇಬ್ರೆ, ನಿಮ್ಮ ಕೋಲಿನಂಥದ್ದು ಇನ್ನೊಂದು ಎಲ್ಲಿ ಸಿಕ್ಕುತ್ತೆ?"

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಯಾಕೆ ಸಾಹುಕಾರ್ರೆ, ದೊಡ್ಡದಕ್ಕೆ ಏನಾಯ್ತು?"

"ಅದಕ್ಕೇನೂ ಆಗಿಲ್ಲ ಕಣ್ರೀ, ಚೆನ್ನಾಗೇ ಹೊಡೀತದೆ. ಆದ್ರೆ ಅದಕ್ಕೆ ಹತ್ತೆಕರೆ ಬೇಕು. ಈಗ ನಂಗಿರೋದು ಎಂಟೇ."